ಗುರುವಾರದ ಭಜನೆ, ಕೆನಡಾದ ಹುಡುಗಿಯರು

ಡಲ್ಲಾಸ್ ಪಕ್ಕದ ಮರ್ಫಿಯಲ್ಲಿದ್ದ ನಮ್ಮ ಮನೆಯಲ್ಲಿ ಪ್ರತಿ ಗುರುವಾರ ಸಂಜೆ ರಾಯರ ಭಜನೆ ನಡೆಯುತ್ತಿತ್ತು. ಹನ್ನೊಂದು ವರ್ಷದ ಮಗಳಿಗೆ ಐಸ್ ಹಾಕಿ ಟೀಮಿನಲ್ಲಿ ಜಾಗ ಸಿಕ್ಕಿದಾಗ ಪ್ರಾಕ್ಟೀಸೂ ಗುರುವಾರ ಸಂಜೆಯೇ ಬಿತ್ತು. ಟೀಮಿನಲ್ಲಿ ಇವಳೊಬ್ಬಳೇ ಹುಡುಗಿ.

"ಹಲ್ಲು ಉದುರಿಸ್ಕೊಂಡು ಬಂದ್ರೆ ಏನ್ಮಾಡ್ತೀಯ? ನಾನಂತೂ ಬೇಡ ಅಂದಿದೀನಿ, ನೀನೂ ಹೇಳು" ಎಂದರು ಯಜಮಾನರು. ನಾನು ಅವಳಿಗೆ ಬೇಡವೆನ್ನಲಿಲ್ಲ. ಇವರಿಗೆ ಆಗುವುದಿಲ್ಲವೆನ್ನುವ ಧೈರ್ಯವೂ ಬರಲಿಲ್ಲ. ಆ ಹೇಡಿತನಕ್ಕೆ ಈಗಲೂ ನನ್ನನ್ನೇ ಬೈದುಕೊಳ್ಳುತ್ತೇನೆ. ಕೋಚ್‌ಗೆ ಶುಕ್ರವಾರದೊಳಗೆ ಉತ್ತರ ಕೊಡಬೇಕಿತ್ತು.

ಅದರ ಹಿಂದಿನ ದಿನ, ಗುರುವಾರ, 2002ರ ಚಳಿಗಾಲದ ಒಲಿಂಪಿಕ್ಸಿನ ಹೆಂಗಸರ ಐಸ್ ಹಾಕಿ ಫೈನಲ್. ಅಮೆರಿಕದ ಎದುರು ಕೆನಡಾ. ಇಪ್ಪತ್ತು ಜನ ಭಜನೆಗೆ ಬಂದಿದ್ದರು. ನಾನು ಟಿವಿಯನ್ನು ಮ್ಯೂಟ್ ಮಾಡಿ, ಅದರ ಎದುರಿಗೇ ತಾಳ ಹಿಡಿದು ಕೂತೆ. ಮಗಳು ಪಕ್ಕದಲ್ಲಿ.

ಕೆನಡಾದವರು ತಿಂಗಳುಗಟ್ಟಲೆ ಅಮೆರಿಕದ ಕೈಯಲ್ಲಿ ಸೋತು ಬಂದಿದ್ದವರು. ಅವತ್ತು ಅವರಿಗೆ ಸಾಲಾಗಿ ಎಂಟು ಪೆನಾಲ್ಟಿ. ಪ್ರತಿ ಸಲವೂ ಒಬ್ಬಳು ಹೊರಗೆ ಕೂರಬೇಕು, ಉಳಿದವರು ಒಬ್ಬಳಿಲ್ಲದೆ ಆಡಬೇಕು. ಆಡಿದರು. ಪೆನಾಲ್ಟಿ ಕೊಡುತ್ತಿದ್ದ ರೆಫರಿ ಅಮೆರಿಕದವಳೇ, ನನಗೋ ಮೈಯೆಲ್ಲ ಉರಿ. ಎರಡನೆಯ ಅವಧಿ ಮುಗಿಯಲು ಒಂದೇ ಸೆಕೆಂಡ್ ಇದ್ದಾಗ ಮೂರನೆಯ ಗೋಲು ಹೊಡೆದರು ನೋಡಿ, ನಿಧಾನವಾಗಿ ಸಾಗುತ್ತಿದ್ದ ದೇವರನಾಮದ ಮಧ್ಯೆ ನಾನು ಝಲ್ಲೆಂದು ತಾಳ ಬಾರಿಸಿಬಿಟ್ಟೆ. ಹಾಡು ನಿಂತಿತು.

"ನಾವಿರೋದು ಅಮೆರಿಕದಲ್ಲಮ್ಮ. ಟ್ವಿನ್ ಟವರ್ಸ್ ಬಿದ್ಮೇಲೆ ಕಾರಿಗೆಲ್ಲ ಫ್ಲಾಗ್ ಕಟ್ಕೊಂಡಿದೀವಿ" ಎಂದರು ಒಬ್ಬ ಅಂಕಲ್. ಅವರ ಹೆಂಡತಿ, "ರಾಯರ ಮುಂದೆ ಇದೇನಮ್ಮಾ?" ಎಂದರು.

"ರಾಯರಿಗೇನೂ ಬೇಜಾರಿಲ್ಲ ಆಂಟಿ" ಎಂದೆ.

ಯಜಮಾನರು ಟಿವಿ ಆರಿಸಲು ಎದ್ದರು. "ಮುಟ್ಬೇಡಿ" ಎಂದೆ. ನಾಲ್ಕು ಜನರ ಮುಂದೆ ಅವರಿಗೆ ಹಾಗೆ ಹೇಳಿದ್ದು ಅದೇ ಮೊದಲು. ಅವರು ಕೂತರು. ಕೆಲವರು ಮಂಗಳಾರತಿಗೂ ಕಾಯದೆ ಹೊರಟರು, ಹೋಗಲಿ ಎಂದುಕೊಂಡೆ. ಕೊನೆಯಲ್ಲಿ ಅಮೆರಿಕ ತನ್ನ ಎರಡನೆಯ ಗೋಲು ಹೊಡೆದಾಗ ಉಳಿದವರೂ ಹಾಡು ಮರೆತು ಟಿವಿಯ ಕಡೆ ತಿರುಗಿದ್ದರು. ಮೂರಕ್ಕೆ ಎರಡರಿಂದ ಕೆನಡಾ ಗೆದ್ದಿತು. ಆ ಹುಡುಗಿಯರು ಐಸಿನ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಅಳುತ್ತಿದ್ದರು. ನಾನೂ ಅತ್ತೆ.

ಮಂಗಳಾರತಿ ತಟ್ಟೆ ಹಿಡಿದುಕೊಂಡೇ ಎಲ್ಲರಿಗೂ ಹೇಳಿದೆ: "ಮುಂದಿನ ವಾರದಿಂದ ಭಜನೆ ಬೇರೆ ಯಾರ ಮನೇಲಾದ್ರೂ ಇಟ್ಕೊಳ್ಳಿ. ಗುರುವಾರ ಮಗಳಿಗೆ ಪ್ರಾಕ್ಟೀಸಿದೆ, ನಾನು ಡ್ರೈವ್ ಮಾಡ್ಬೇಕು."

ಮಗಳು ನನ್ನ ಸೆರಗು ಜಗ್ಗಿದಳು. "ಬಟ್ ಡ್ಯಾಡ್ ಸೆಡ್ ನೋ."

"ಅವರು ಹೇಳಿದ್ದು ಗೊತ್ತು ಕಣೆ. ನಾನು ಹೇಳಿದ್ದು ಕೇಳಿಸ್ತಾ?"