ಆಂಟಿಗೆ ನಾನು ಆರಿಸಿಕೊಟ್ಟ ಪ್ಲೇಯರ್

ಕಾರು ನೋಡಲು ಬಂದಾತ ಸ್ಟಾರ್ಟ್ ಬಟನ್ ಒತ್ತಿದ್ದೇ ತಡ, ಸ್ಪೀಕರಿನಿಂದ ಅಂಕಲ್ ಹಾಡತೊಡಗಿದರು.

ಅಂಕಲ್ ತೀರಿಕೊಂಡು ಆಗಲೇ ಹದಿನಾಲ್ಕು ತಿಂಗಳಾಗಿತ್ತು.

ಆತ ಪಾಪ, ಗಾಬರಿಯಾಗಿ ವಾಲ್ಯೂಮ್ ಇಳಿಸಲು ಹೋದ. ಗರಾಜಿನ ಬಾಗಿಲಲ್ಲಿ ನಿಂತಿದ್ದ ಆಂಟಿ ಬೇಡವೆಂದು ಕೈ ಎತ್ತಿದರು. ಆಮೇಲೆ ನನ್ನ ಮುಖವನ್ನೂ ನೋಡದೆ ಒಳಗೆ ಹೋಗಿಬಿಟ್ಟರು.

ಇವರು ಯಾರೆಂದು ಹೇಳಿಬಿಡುತ್ತೇನೆ. ಧಾರವಾಡದ ದಂಪತಿ. ಅಮೆರಿಕದ ಕ್ಯಾರಿ ಎಂಬ ಊರಿನಲ್ಲಿ ನಮ್ಮ ಮನೆಯಿಂದ ಮೂರು ಮನೆ ಆಚೆ. ಈ ಊರಿಗೆ ಬಂದ ಮೊದಲ ವಾರ ನನಗೂ ನನ್ನ ಹೆಂಡತಿಗೂ ದಿನಾ ಊಟ ಹಾಕಿದವರು.

ಅಂಕಲ್ ರಿಟೈರಾದ ಇಂಜಿನಿಯರ್. ಬೆಳಿಗ್ಗೆ ಎದ್ದು ತಂಬೂರಿ ಹಚ್ಚಿಕೊಂಡು ಹಾಡುವುದು, ಹಾಡಿದ್ದನ್ನೆಲ್ಲ ರೆಕಾರ್ಡ್ ಮಾಡುವುದು... ಇದೇ ಅವರ ದಿನಚರಿ. ಅದೂ ಲಾಸ್‌ಲೆಸ್ ಫೈಲ್‌ಗಳೇ ಆಗಬೇಕು. ಜಾಗ ಉಳಿಸಲೆಂದು ಧ್ವನಿಯನ್ನು ಚೂರೂ ಕತ್ತರಿಸದ ದೊಡ್ಡ ದೊಡ್ಡ ಫೈಲ್‌ಗಳು.

ಅವರು ಹೋದ ಮೇಲೆ ಆಂಟಿ ನನ್ನನ್ನು ಕೇಳಿದ್ದು ಒಂದೇ. "ತಮ್ಮಾ, ಇವರ ಹಾಡು ಮನ್ಯಾಗ ಕೇಳೂ ಹಂಗ ಏನರೆ ಮಾಡಿಕೊಡು."

ಕೇಳಿದ್ದು ಯಾರನ್ನು? ನನ್ನಂಥ ಐಟಿಯವನನ್ನು. ನಾನು ಮೊದಲು ಮಾಡಿದ ಕೆಲಸ ಒಂದು ಸ್ಪ್ರೆಡ್‌ಶೀಟ್ ತೆರೆದದ್ದು.

ಹಾಡು ನುಡಿಸುವ ಹದಿಮೂರು ಡಿವೈಸ್, ಒಂದೊಂದಕ್ಕೂ ಹನ್ನೊಂದು ಕಾಲಂ. ಮೂರು ವಾರ ಆನ್‌ಲೈನ್ ಆಡಿಯೊ ಫೋರಮ್‌ಗಳಲ್ಲಿ ಮುಖ ಮೂತಿ ಗೊತ್ತಿಲ್ಲದವರ ಜೊತೆ ವಾದ. "ಆಂಟಿಗೆ ಬೇಕಾಗಿರೋದು ಹಾಡು ಕಣ್ರೀ, ನಿಮ್ಮ ಗ್ರಾಫ್ ಅಲ್ಲ" ಎಂದು ಹೆಂಡತಿ ಹೇಳಿದಳು. ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೆ ಎಲ್ಲ ಕಾಲಂನಲ್ಲೂ ಗೆದ್ದದ್ದು ಒಂದು ತೆಳ್ಳನೆಯ ಕಪ್ಪು ಪೆಟ್ಟಿಗೆ. ಮೈಮೇಲೆ ಒಂದೇ ಒಂದು ಬಟನ್ ಇಲ್ಲ, ಎಲ್ಲ ಫೋನಿನ ಆ್ಯಪ್‌ನಿಂದಲೇ. ಲಿವಿಂಗ್ ರೂಮಿನಲ್ಲಿ ಕೂರಿಸಿ ನನ್ನ ಫೋನಿನಿಂದ ಹಚ್ಚಿದೆ. ಅಂಕಲ್ ಎದುರಿಗೇ ಕೂತು ಹಾಡಿದ ಹಾಗಿತ್ತು.

ಆಂಟಿಯ ಕಣ್ಣು ತುಂಬಿತು. ನಾನು ಬೀಗಿದೆ, ಸುಳ್ಳು ಯಾಕೆ ಹೇಳಲಿ. ಅವರ ಫೋನಿಗೂ ಆ್ಯಪ್ ಹಾಕಿ, ಎರಡು ಸಲ ತೋರಿಸಿಕೊಟ್ಟು ಬಂದೆ.

ಆಮೇಲೆ ಸಿಕ್ಕಾಗಲೆಲ್ಲ ವಿಚಾರಿಸುತ್ತಿದ್ದೆ. "ಹೂಂನಪಾ, ಭಾಳ ಛಲೋ ಕೇಳಸ್ತದ" ಎನ್ನುತ್ತಿದ್ದರು.

ಇತ್ತ ಅಂಕಲ್ ಕಾರು ಗರಾಜಿನಲ್ಲೇ ನಿಂತಿತ್ತು. ಆಂಟಿಗೆ ಡ್ರೈವಿಂಗ್ ಬರುವುದಿಲ್ಲ. ಆ ಚಳಿಗಾಲ ಎರಡು ಸಲ ಬ್ಯಾಟರಿ ಸತ್ತಿತು. ಚಳಿಗೆ ಹೀಗಾಗಿದೆ ಎಂದುಕೊಂಡು ನಾನೇ ಹೋಗಿ ನನ್ನ ಕಾರಿನ ಬ್ಯಾಟರಿಯಿಂದ ಜಂಪ್ ಸ್ಟಾರ್ಟ್ ಮಾಡಿದೆ. ಅಟ್ಲಾಂಟಾದಲ್ಲಿರುವ ಅವರ ಮಗಳು ಮಾರಿಬಿಡೋಣ ಎಂದಳು. ಜಾಹೀರಾತು ಹಾಕಿದವನೂ ನಾನೇ.

ಕಾರು ನೋಡಲು ಬಂದಾತ ಹೋದ ಮೇಲೆ ಕಾರಿನೊಳಗೆ ಇಣುಕಿದೆ. ಪ್ಯಾಸೆಂಜರ್ ಸೀಟಿನ ಮೇಲೆ ಮಡಿಸಿಟ್ಟ ಶಾಲು, ನೀರಿನ ಬಾಟಲಿ. ಡ್ಯಾಶ್‌ಬೋರ್ಡಿಗೆ ಚುಚ್ಚಿದ್ದ ಅಂಕಲ್‌ರ ಹಾಡುಗಳ ಯುಎಸ್‌ಬಿ ಸ್ಟಿಕ್.

ಆಂಟಿ ಇಲ್ಲಿ ಕೂತು ಹಾಡು ಕೇಳುತ್ತಿದ್ದಾರೆ ಎಂದಾಗ ನನಗೆ ಮೊದಲು ಹೊಳೆದದ್ದು ಮುಚ್ಚಿದ ಗರಾಜಿನಲ್ಲಿ ತುಂಬುವ ಇಂಜಿನಿನ ವಿಷದ ಹೊಗೆ. ಮನೆಯೊಳಗೆ ಓಡಿದೆ.

"ಆಂಟಿ, ಗರಾಜ್ ಬಾಗಿಲು ಹಾಕ್ಕೊಂಡು ಇಂಜಿನ್ ಆನ್ ಮಾಡ್ತಿದ್ರಾ?"

"ಇಲ್ಲಪಾ. ಬ್ರೇಕ್ ತುಳೀದ ಬಟನ್ ಒತ್ತಿದ್ರ ಬರೇ ಹಾಡು ಬರ್ತದ. ನಿಮ್ಮ ಅಂಕಲ್ಲೇ ತೋರಿಸಿದ್ರು. ಬ್ಯಾಟರಿ ಹೋದ್ರ ಮತ್ತ ನಿನಗ ತ್ರಾಸ ಅಂತ, ಇಪ್ಪತ್ತ ನಿಮಿಷಕ್ಕ ಬಂದ್ ಮಾಡ್ತೀನಿ."

ಲಿವಿಂಗ್ ರೂಮಿನಲ್ಲಿ ನನ್ನ ಕಪ್ಪು ಪೆಟ್ಟಿಗೆಯ ಮೇಲೆ ಕಸೂತಿ ಬಟ್ಟೆ ಹೊದಿಸಿತ್ತು. ಧೂಳು ಕೂರಬಾರದೆಂದು.

ನಾನು ಅದನ್ನು ಇಟ್ಟುಬಂದ ಮಾರನೆಯ ದಿನವೇ ಆ್ಯಪ್ ಏನೋ ಅಪ್‌ಡೇಟ್ ಕೇಳಿತಂತೆ, ಪಾಸ್‌ವರ್ಡ್ ಕೇಳಿತಂತೆ. ಏನಾದರೂ ಒತ್ತಿ ಹಾಡೆಲ್ಲ ಅಳಿಸಿಹೋದರೆ ಎಂಬ ಹೆದರಿಕೆಗೆ ಮತ್ತೆ ಮುಟ್ಟಲೇ ಇಲ್ಲವಂತೆ.

"ನನಗ್ಯಾಕೆ ಹೇಳ್ಲಿಲ್ಲ ಆಂಟಿ?"

"ಎಷ್ಟ ಪ್ರೀತಿಲೆ ಆರಿಸಿ ತಂದಿದ್ದಿ. ನನಗ ತಿಳೀವಲ್ದು ಅಂತ ಹೆಂಗ ಹೇಳ್ಲಿ?"

"ಕಾರು ಮಾರ್ತೀವಿ ಅಂದಾಗ್ಲಾದ್ರೂ..."

"ಡ್ರೈವಿಂಗ್ ಬರಲಾರದಾಕಿ ಕಾರು ಇರಲಿ ಅಂತ ಯಾವ ಬಾಯಿಲೆ ಹೇಳ್ಲಿ?"

ಅವತ್ತು ಕಾರು ಹೋಗಿದ್ದರೆ ಅಂಕಲ್ ಧ್ವನಿ ಕೇಳಲು ಅವರಿಗಿದ್ದ ಒಂದೇ ಒಂದು ಜಾಗವೂ ಹೋಗುತ್ತಿತ್ತು. ಅದನ್ನು ಮಾರಲು ಓಡಾಡುತ್ತಿದ್ದವನು ನಾನು. ನನಗೆ ತುಂಬ ನಾಚಿಕೆಯಾಯಿತು, ಈಗಲೂ ಆಗುತ್ತಿದೆ.

ಮನೆಗೆ ಬಂದು ಜಾಹೀರಾತು ತೆಗೆದುಹಾಕಿದೆ. ಮರುದಿನ ಮತ್ತೆ ಹೋಗಿ, ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ. ನಿಮಗೆ ಎಂಥದ್ದು ಬೇಕು ಆಂಟಿ?

"ಒಂದ ಬಟನ್ ಇರಬೇಕು. ಒತ್ತಿದ್ರ ನಿನ್ನೆ ಎಲ್ಲಿ ನಿಂತಿತ್ತೋ ಅಲ್ಲಿಂದ ಹಾಡಬೇಕು. ಅಷ್ಟ."

ನನ್ನ ಹನ್ನೊಂದು ಕಾಲಂಗಳಲ್ಲಿ ಈ ಎರಡೂ ಇರಲಿಲ್ಲ.

ಹುಡುಕಲು ಹತ್ತು ದಿನ ಹಿಡಿಯಿತು. ಪುಟ್ಟದೊಂದು ಪ್ಲೇಯರ್, ಒಳಗೆ ಮೆಮೊರಿ ಕಾರ್ಡ್, ಮುಂದೆ ಒಂದು ದಪ್ಪ ಬಟನ್. ಫೋನ್ ಬೇಡ, ವೈಫೈ ಬೇಡ. ಅಂಕಲ್‌ರ ಫೈಲ್‌ಗಳನ್ನು ಹೇಗಿವೆಯೋ ಹಾಗೇ ಹಾಡುತ್ತದೆ. ಫೋರಮ್‌ನಲ್ಲಿ ಹೆಸರು ಹೇಳಿದ್ದಕ್ಕೆ ಒಬ್ಬ ನಕ್ಕ. ನಗಲಿ ಬಿಡಿ.

ಎಲ್ಲಿಡಲಿ ಎಂದು ಈ ಸಲ ಕೇಳಿಯೇ ಇಟ್ಟೆ. ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಕಿಟಕಿಯ ಕಟ್ಟೆ. ಅವರೇ ಬೆರಳಿಟ್ಟು ಒತ್ತಿದರು. ಅಂಕಲ್ ಶುರು ಮಾಡಿದರು. ನಾನು ಸದ್ದಿಲ್ಲದೆ ಎದ್ದು ಬಂದೆ.

ಎರಡು ವಾರ ಅದರ ಮಾತೇ ಇಲ್ಲ. ನನಗೂ ವಿಚಾರಿಸಲು ಭಯ... ಮತ್ತೆ ಛಲೋ ಕೇಳಸ್ತದ ಎಂದುಬಿಟ್ಟರೆ?

ಹೋದ ಭಾನುವಾರ ಅವರೇ ಫೋನ್ ಮಾಡಿದರು. ಹಿಂದೆ ಒಗ್ಗರಣೆಯ ಸದ್ದು, ಅದರ ಹಿಂದೆ ಅಂಕಲ್ ಧ್ವನಿ.

"ತಮ್ಮಾ, ಇನ್ನ ಆ ಕಾರು ಮಾರಿಬಿಡಪಾ" ಎಂದರು.

ನೀವು ಪ್ರೀತಿಯಿಂದ ತಂದುಕೊಟ್ಟದ್ದನ್ನು ಮನೆಯ ಹಿರಿಯರು ನಿಜವಾಗಿ ಬಳಸುತ್ತಿದ್ದಾರಾ, ಒಮ್ಮೆ ಹೋಗಿ ನೋಡಿದ್ದೀರಾ?