ಮೂರು ಚುಕ್ಕಿಯ ಡೈನಮೋ

ತೊಂಬತ್ತರ ದಶಕದ ಕೊನೆಯಲ್ಲಿ ಸಕಲೇಶಪುರದಲ್ಲಿ ನಾನು ಸ್ವಂತದ್ದೊಂದು ಆಟೋ ಎಲೆಕ್ಟ್ರಿಕ್ ಅಂಗಡಿ ಹಾಕಿದೆ. ಬೋರ್ಡಿನ ಬಣ್ಣ ಇನ್ನೂ ಸರಿಯಾಗಿ ಒಣಗಿರಲಿಲ್ಲ, ಆಗಲೇ ನನ್ನ ಜಂಬ ಮುಗಿಲು ಮುಟ್ಟಿತ್ತು. ಕೆಲಸ ಕಲಿತದ್ದು ಆಲೂರಿನಲ್ಲಿ, ಪಾಳ್ಯದಿಂದ ದಿನಾ ಬಸ್ಸಿನಲ್ಲಿ ಬಂದು ಅಂಗಡಿ ತೆಗೆಯುತ್ತಿದ್ದ ಮೇಸ್ತ್ರಿಯ ಹತ್ತಿರ. ಏಳು ವರ್ಷ. ಗಾಡಿಯ ಬ್ಯಾಟರಿಗೆ ಚಾರ್ಜು ತುಂಬುವ ಡೈನಮೋ ಬಿಚ್ಚಿ ಒಳಗಿನ ತಂತಿಯನ್ನು ಕೈಯಲ್ಲೇ ಸುತ್ತಿ ಮತ್ತೆ ಜೀವ ಕೊಡುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಕಡೆ ಇರಲಿಲ್ಲ. ತಾವು ಸುತ್ತಿದ ಪ್ರತಿ ಡೈನಮೋದ ಹಿಂದಿನ ಮುಚ್ಚಳಕ್ಕೆ ಉಳಿಯಿಂದ ಮೂರು ಚುಕ್ಕಿ ಹೊಡೆಯುತ್ತಿದ್ದರು. ಅದೇ ಅವರ ರುಜು.

ಮೇಸ್ತ್ರಿಯದು ಇನ್ನೊಂದು ಪದ್ಧತಿ ಇತ್ತು. ಶಿಷ್ಯ ಒಮ್ಮೆ ಪರೀಕ್ಷೆ ಮಾಡಿದ ಸಾಮಾನನ್ನು ಅವರು ಮತ್ತೆ ಪರೀಕ್ಷೆ ಮಾಡುತ್ತಿರಲಿಲ್ಲ. "ನೀನು ನೋಡ್ದೆ ಅಂದ್ಮೇಲೆ ನಾನ್ಯಾಕೆ ನೋಡ್ಲಿ? ನಂಬಿಕೆ ಇಲ್ದಿದ್ರೆ ಕಲಿಸಿದ್ದು ಏನು ಬಂತು?" ಅನ್ನುತ್ತಿದ್ದರು. ಆಗ ಈ ಮಾತು ಕೇಳಿದರೆ ನನಗೆ ಒಂದು ಗೇಣು ಎತ್ತರವಾದಂತೆ ಅನಿಸುತ್ತಿತ್ತು.

ಆ ವರ್ಷ ಆಯುಧಪೂಜೆಯ ಮರುದಿನ ಹೆಗ್ಗದ್ದೆ ಕಡೆಯ ಸಾಹುಕಾರರೊಬ್ಬರು ತಮ್ಮ ತಂದೆಯ ಕಾಲದ ಕಪ್ಪು ಇಂಗ್ಲಿಷ್ ಕಾರನ್ನು ತಂದು ನಿಲ್ಲಿಸಿದರು. ಬಾನೆಟ್ಟಿನ ಮೇಲೆ ವಿಭೂತಿ ಪಟ್ಟೆ, ಮುಂದೆ ಬಾಡಿದ ಚೆಂಡುಹೂವಿನ ಹಾರ. ಚಾರ್ಜಿಂಗಿನ ಕೆಂಪು ದೀಪ ಆರುತ್ತಿಲ್ಲ ಎಂದು ಹೆದರಿ ದಾರಿಯುದ್ದಕ್ಕೂ ನಿಧಾನವಾಗಿ ಓಡಿಸಿಕೊಂಡು ಬಂದಿದ್ದರು. ಬಾನೆಟ್ ಎತ್ತಿದೆ. ಒಳಗೆ ಎಲ್ಲವೂ ಬೆಳ್ಳಿ ಬಣ್ಣ! ಪೂಜೆಗೆಂದು ಎಸ್ಟೇಟಿನ ಲೆಕ್ಕ ನೋಡುವ ರೈಟರ್ ಮುತುವರ್ಜಿಯಿಂದ ಒಂದೊಂದನ್ನೇ ಬಿಚ್ಚಿಸಿ, ತೊಳೆಸಿ, ಬಣ್ಣ ಹೊಡೆಸಿ ಮತ್ತೆ ಕೂರಿಸಿದ್ದರು. ನಮ್ಮಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದಿಂದ ಹಿಡಿದು ಕತ್ತಿಯ ಹಿಡಿವರೆಗೆ ಆ ಹಬ್ಬಕ್ಕೆ ಬಣ್ಣ ಕಾಣದ ಸಾಮಾನೇ ಇಲ್ಲ.

ಎಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿದೆ. ಕೆಂಪು ದೀಪ ಮೊದಲು ಮಂಕಾಯಿತು, ಆಮೇಲೆ ಮೊದಲಿಗಿಂತ ಜೋರಾಗಿ ಉರಿಯಿತು. ಡೈನಮೋ ಸತ್ತಿದ್ದರೆ ದೀಪ ಒಂದೇ ಸಮ ಉರಿಯುತ್ತಿರಬೇಕಿತ್ತು. ಹೀಗೆ ಏರಿಳಿಯುತ್ತದೆ ಅಂದರೆ ಅದು ಕರೆಂಟು ಕೊಡುತ್ತಿದೆ, ಬ್ಯಾಟರಿಗೆ ಮುಟ್ಟುತ್ತಿಲ್ಲ ಅಷ್ಟೆ. ಇದನ್ನು ಮೇಸ್ತ್ರಿ ನನಗೆ ಮೊದಲ ವರ್ಷವೇ ಹೇಳಿಕೊಟ್ಟಿದ್ದರು. ನಾನು ಕಣ್ಣಾರೆ ಕಂಡೆ, ತಲೆಗೆ ಹಾಕಿಕೊಳ್ಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಡೈನಮೋದ ಮುಚ್ಚಳದ ಮೇಲೆ, ಬಣ್ಣದ ಅಡಿಯಲ್ಲಿ, ಮೂರು ಚುಕ್ಕಿ ಕಂಡಿದ್ದೆ. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಗುರುವಿನ ಕೆಲಸ ಕೆಟ್ಟಿದೆ, ಸರಿ ಮಾಡುವವನು ನಾನು.

ಅಟ್ಟದ ಮೇಲಿದ್ದ ಇನ್ನೊಂದು ಡೈನಮೋ ಇಳಿಸಿದೆ. ಮೈಯಳತೆ ನೋಡಿದೆ, ತಿರುಗುವ ದಿಕ್ಕಿನ ಬಾಣ ನೋಡಿದೆ, ಪುಲ್ಲಿ ಬದಲಿಸಿದೆ. ಆ ಕಾರಿನಲ್ಲಿ ಬ್ಯಾಟರಿಯ ಪ್ಲಸ್ಸನ್ನು ಬಾಡಿಯ ತಗಡಿಗೆ ಜೋಡಿಸಿರುತ್ತಾರೆ, ನಮ್ಮ ಜೀಪುಗಳಿಗೆ ತಿರುಗುಮುರುಗು. ಹಾಗಾಗಿ ಹೊಸದಾಗಿ ಕೂರಿಸಿದ್ದಕ್ಕೆ ಆ ಬ್ಯಾಟರಿಯಿಂದಲೇ ಒಂದು ಕಿಡಿ ಮುಟ್ಟಿಸಿ ದಿಕ್ಕು ಕಲಿಸಬೇಕು. ಅದನ್ನೂ ಮರೆಯಲಿಲ್ಲ. ಇದ್ದಬದ್ದ ಬುದ್ಧಿಯನ್ನೆಲ್ಲ ಬದಲಿಸುವುದಕ್ಕೇ ಖರ್ಚು ಮಾಡಿದೆ. ಸರಿಯಿರುವ ಡೈನಮೋ ಬ್ಯಾಟರಿ ಮುಟ್ಟಿಸಿದರೆ ಮೋಟರಿನಂತೆ ತಾನೇ ತಿರುಗುತ್ತದೆ; ಕಾರಿನಿಂದ ಬಿಚ್ಚಿದ ಮೇಸ್ತ್ರಿಯ ಡೈನಮೋಗೆ ಹಾಗೆ ಬ್ಯಾಟರಿ ಕೊಟ್ಟು ನೋಡುವ ಎರಡು ನಿಮಿಷದ ಕೆಲಸ ಮಾತ್ರ ಮಾಡಲಿಲ್ಲ.

ಜೊತೆಗೆ ಕಟೌಟ್ ಡಬ್ಬಿಯನ್ನೂ ಬಿಚ್ಚಿ ಒರೆಸಿದೆ. ಡೈನಮೋದ ಕರೆಂಟು ಬ್ಯಾಟರಿಗೆ ಹೋಗುವುದು ಅದರ ಮೂಲಕ, ಅದು ಬಾಡಿಯ ತಗಡಿಗೆ ಅಂಟಿಕೊಂಡಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಡಬ್ಬಿಯ ಹಿಂದೆ ಬೆಳ್ಳಿ ಬಣ್ಣ ದಪ್ಪಗೆ ಕೂತಿತ್ತು. ಅಭ್ಯಾಸಬಲದಿಂದ ಬ್ಲೇಡಿನಲ್ಲಿ ಕೆರೆದು, ಮತ್ತೆ ಬಿಗಿದೆ. ಕೈಗೆ ಗೊತ್ತಿದ್ದದ್ದು ತಲೆಗೆ ಗೊತ್ತಾಗಲಿಲ್ಲ. ದೀಪ ಆರಿತು. ನಾನು ಹೊಸ ಡೈನಮೋದ ಬೆನ್ನು ತಟ್ಟಿದೆ.

ಸಾಹುಕಾರರು ಟೀ ಕುಡಿಯುತ್ತಾ ಕೂತಿದ್ದಾಗ ಯಾವುದೋ ಸಾಮಾನಿಗೆಂದು ಸಕಲೇಶಪುರಕ್ಕೆ ಬಂದಿದ್ದ ಮೇಸ್ತ್ರಿ ಅಂಗಡಿಗೆ ಬಂದರು. ತಮ್ಮ ಡೈನಮೋ ನೆಲದ ಮೇಲೆ ಬಿದ್ದಿರುವುದು ಕಂಡು ಕುಕ್ಕರುಗಾಲಲ್ಲಿ ಕೂತು ಮೂಗಿನ ಹತ್ತಿರ ಹಿಡಿದರು.

"ಸುಟ್ಟ ವಾಸನೆ ಇಲ್ವಲ್ಲೋ ಮಾರಾಯ. ಬ್ಯಾಟರಿ ಕೊಟ್ಟು ನೋಡ್ದಾ?"

ಸಾಹುಕಾರರು ನನ್ನ ಮುಖವನ್ನೇ ನೋಡುತ್ತಿದ್ದರು.

"ನೋಡ್ದೆ ಮೇಸ್ತ್ರಿ. ಅಲ್ಲಾಡ್ಲಿಲ್ಲ" ಎಂದೆ.

ಬ್ಯಾಟರಿ ಎರಡು ಮಾರು ದೂರದಲ್ಲಿತ್ತು. ಮೇಸ್ತ್ರಿ ಅದರತ್ತ ನೋಡಲೂ ಇಲ್ಲ. ಡೈನಮೋ ಕೆಳಗಿಟ್ಟು, ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿಕೊಂಡರು. "ಕಣ್ಣು ಮಂಜಾಗ್ಬುಟ್ಟೈತೆ ಸಾವ್ಕಾರ್ರೆ. ಎಲ್ಲೋ ಎಳೆ ತಪ್ಪಿಸ್ಬುಟ್ಟಿದೀನಿ. ಬೇಜಾರು ಮಾಡ್ಕೋಬೇಡಿ" ಎಂದರು. ನನ್ನ ಕಡೆ ತಿರುಗಿ, "ನೀನು ಚೆನ್ನಾಗಿ ಮಾಡ್ತಾ ಇದೀಯ" ಎಂದರು.

ಯುಗಾದಿಯ ಹೊತ್ತಿಗೆ ಅವರು ಆಲೂರಿನ ಅಂಗಡಿ ಮುಚ್ಚಿದರು. ತಂತಿ ಸುತ್ತುವುದು ಬಿಟ್ಟು ಮನೆ ಹತ್ತಿರದ ಗದ್ದೆ ನೋಡಿಕೊಳ್ಳುತ್ತಾರಂತೆ ಎಂದು ಯಾರೋ ಹೇಳಿದರು. ವಯಸ್ಸಾಯಿತಲ್ಲ ಎಂದು ನಾನೂ ತಲೆಯಾಡಿಸಿದೆ.

ಆರು ವರ್ಷ ಕಳೆದ ಮೇಲೆ ಅದೇ ಸಾಹುಕಾರರು ಬಂದರು. ಹಾಸನದಲ್ಲಿ ಹಳೆ ಕಾರುಗಳ ಪ್ರದರ್ಶನವಂತೆ, ಕಾರಿನ ಜೊತೆಗೇ ಬಂದ ಮೂಲ ಡೈನಮೋ ಬೇಕು, ಇದ್ದರೆ ರಿಪೇರಿ ಮಾಡಿ ಹಾಕು ಎಂದರು. ಬೆಂಚಿನ ಕೆಳಗಿಂದ ಎಳೆದು ಜೇಡರ ಬಲೆ ಒರೆಸಿದೆ. ಬಿಚ್ಚುವ ಮೊದಲು ಸುಮ್ಮನೆ ಬ್ಯಾಟರಿ ಮುಟ್ಟಿಸಿದೆ. ಗುಂಯ್ ಎಂದು ತಿರುಗಿತು. ಕೆರೆದಿದ್ದ ಬೆಳ್ಳಿ ಬಣ್ಣ, ಜೋರಾದ ಕೆಂಪು ದೀಪ, ಎಲ್ಲವೂ ಒಟ್ಟಿಗೇ ನೆನಪಾಯಿತು. ಅವತ್ತು ಕರೆಂಟನ್ನು ತಡೆದಿದ್ದದ್ದು ಡಬ್ಬಿಯ ಹಿಂದಿನ ಆ ಬಣ್ಣ, ಡೈನಮೋ ಅಲ್ಲ.

ಮರುದಿನ ಡೈನಮೋವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಪಾಳ್ಯಕ್ಕೆ ಹೋದೆ. ಮೇಸ್ತ್ರಿ ಜಗಲಿಯ ಮೇಲೆ ಕೂತಿದ್ದರು. ಈಗ ನಿಜವಾಗಿಯೂ ಕಣ್ಣು ಹೋಗಿತ್ತು, ಧ್ವನಿಯಿಂದಲೇ ಗುರುತು ಹಿಡಿದರು. ನಾನು ಡೈನಮೋ ಅವರ ಮುಂದಿಟ್ಟು, ಕೊಟ್ಟಿಗೆಯಲ್ಲಿದ್ದ ಗದ್ದೆ ಉಳುವ ಟಿಲ್ಲರಿನ ಬ್ಯಾಟರಿ ತಂದೆ. ಅವರ ಬೆರಳು ಮುಚ್ಚಳದ ಮೇಲೆ ಹರಿದಾಡಿ ಮೂರು ಚುಕ್ಕಿಯ ಹತ್ತಿರ ನಿಂತಿತು. ತಂತಿ ಮುಟ್ಟಿಸಿದೆ. ತಿರುಗತೊಡಗಿತು.

"ನಂದೇ ಇದು. ಮತ್ತೆ ಯಾರು ಸುತ್ತಿದ್ದು?" ಎಂದರು.

"ಯಾರೂ ಸುತ್ತಿಲ್ಲ ಮೇಸ್ತ್ರಿ. ಬಿಚ್ಚೇ ಇಲ್ಲ. ಹೆಗ್ಗದ್ದೆ ಸಾಹುಕಾರರ ಕಾರಿಂದು."

ಮೇಸ್ತ್ರಿ ಬಗ್ಗಿ ಡೈನಮೋದ ಸದ್ದಿಗೆ ಕಿವಿ ಕೊಟ್ಟರು.

"ಅವತ್ತು ನೀನು ನೋಡಿರ್ಲಿಲ್ಲ."

"ಇಲ್ಲ ಮೇಸ್ತ್ರಿ. ಸುಳ್ಳು ಹೇಳ್ದೆ."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಇಷ್ಟು ವರ್ಷ ಹೀಗೆ ಕೊರೆಯುತ್ತಿರಲಿಲ್ಲವೇನೋ. ಅವರು ಅಂಗೈಯನ್ನು ಡೈನಮೋದ ಬೆನ್ನ ಮೇಲಿಟ್ಟರು.

"ಹಂಗಾದ್ರೆ ನನ್ನ ಕೈ ಸರಿಯಾಗೇ ಇತ್ತು" ಎಂದರು. "ಇನ್ನೊಂದು ನಾಕೈದು ವರ್ಷ ಸುತ್ಬೋದಿತ್ತು ಕಣೋ."

ನಾನು ತಂತಿ ಬಿಡಿಸಲು ಹೋದೆ.

"ತೆಗೀಬೇಡ" ಎಂದರು. "ಇನ್ನೊಂದು ಚೂರು ತಿರುಗ್ಲಿ."