ನಿಂಗಪ್ಪ ಮಿಸ್ತ್ರಿಯ ತೋರುಬೆರಳು

ನಿಂಗಪ್ಪ ಮಿಸ್ತ್ರಿ ಗೇರ್ ಬಾಕ್ಸಿನ ಎಣ್ಣೆಯನ್ನು ನೆಕ್ಕಿ ನೋಡುತ್ತಿದ್ದ. ಬರೆಯಲಿಕ್ಕೇ ಅಸಹ್ಯವಾಗುತ್ತದೆ, ಆದರೆ ಅವನ ನೆನಪಾದರೆ ಮೊದಲು ಕಣ್ಣಿಗೆ ಬರುವುದೇ ಅದು. ಟ್ರ್ಯಾಕ್ಟರಿನ ಅಡಿಗೆ ನುಸುಳಿ ಬಿರಡೆ ಬಿಚ್ಚಿ, ಸುರಿಯುವ ಕರಿ ಎಣ್ಣೆಗೆ ತೋರುಬೆರಳು ಒಡ್ಡಿ, ಹೆಬ್ಬೆರಳಿನಿಂದ ತಿಕ್ಕಿ, ಮೂಸಿ, ಆಮೇಲೆ ನಾಲಿಗೆಯ ತುದಿಗೆ ಮುಟ್ಟಿಸಿ ಪಿಚಕ್ಕನೆ ಉಗುಳುತ್ತಿದ್ದ. ಅದೇ ಬೆರಳನ್ನು ಪ್ಯಾಂಟಿಗೆ ಒರೆಸಿದಂತೆ ಮಾಡಿ ಸುಣ್ಣದ ಡಬ್ಬಿಗೆ ಹಾಕಿ, ಎಲೆಗೆ ಸವರಿ, "ಕವಳ ಹಾಕ್ರಿ ಹೆಗಡೇರ" ಎಂದು ನನ್ನ ಮುಂದೆ ಹಿಡಿಯುತ್ತಿದ್ದ. ಹಾವೇರಿ ಕಡೆಯಿಂದ ಬಂದು ಯಲ್ಲಾಪುರದಲ್ಲಿ ನೆಲೆನಿಂತ ಅವನು ನಮ್ಮವರಿಂದ ಕಲಿತದ್ದು ಎಲೆಅಡಿಕೆಗೆ ಹೇಳುವ ಈ 'ಕವಳ' ಎಂಬ ಮಾತೊಂದೇ. ನಾನು ಹಲ್ಲುನೋವಿನ ನೆಪ ಹೇಳಿ ಮುಖ ತಿರುಗಿಸುತ್ತಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ಕೋಲಸಿರ್ಸಿಯ ನಮ್ಮ ಗದ್ದೆಗೆಂದು ಒಂದು ಓಬೀರಾಯನ ಕಾಲದ ಟ್ರ್ಯಾಕ್ಟರ್ ಕೊಂಡಿದ್ದೆ. ನೋಡಲು ಹೋದ ದಿನ ಸದ್ದೇ ಇಲ್ಲದೆ ಓಡಿತು. ಮನೆಗೆ ತಂದ ಹತ್ತೇ ದಿನಕ್ಕೆ ಹಿಂಭಾಗದಲ್ಲಿ ನಾಯಿ ಊಳಿಟ್ಟಂಥ ಸಪ್ಪಳ ಶುರುವಾಯಿತು. ಸಿದ್ದಾಪುರದ ಮಿಸ್ತ್ರಿಗಳು ಮುಟ್ಟಲಿಲ್ಲ. ಸಿರ್ಸಿಯವರು ನಕ್ಕು, ಇದನ್ನು ಬಿಚ್ಚಿ ಮತ್ತೆ ಜೋಡಿಸಬಲ್ಲವನು ಯಲ್ಲಾಪುರದ ನಿಂಗಪ್ಪ ಒಬ್ಬನೇ ಎಂದರು. ಹುಬ್ಬಳ್ಳಿ ರಸ್ತೆಯ ಪಕ್ಕ, ಅರಬೈಲ್ ಘಟ್ಟ ಹತ್ತಿ ಏದುಸಿರು ಬಿಡುತ್ತ ಬಂದ ಲಾರಿಗಳ ನಡುವೆ ಅವನ ಶೆಡ್ಡು. ಕಾಲಿಟ್ಟಲ್ಲೆಲ್ಲ ಎಣ್ಣೆಯ ಕೆಸರು, ಗೋಡೆಯುದ್ದಕ್ಕೂ ಕವಳದ ಕೆಂಪು. ಅಲ್ಲಿಂದ ಮನೆಗೆ ಬಂದರೆ ನನ್ನ ಹೆಂಡತಿ ಬಾಗಿಲಲ್ಲೇ, "ಆ ಅಂಗಿಯ ಒಳಗೆ ತರಡಿ, ಹೇಸಿಗೆ ವಾಸನೆ ಬತ್ತು" ಎನ್ನುತ್ತಿದ್ದಳು.

ಮಿಸ್ತ್ರಿ ಟ್ರ್ಯಾಕ್ಟರನ್ನು ನಡುವಿಗೇ ಎರಡು ತುಂಡು ಮಾಡಿದ. ಮುಂಭಾಗಕ್ಕೆ ಮರದ ದಿಮ್ಮಿ, ಹಿಂಭಾಗಕ್ಕೆ ಜಾಕ್. ಮುಚ್ಚಳ ತೆಗೆದರೆ ಒಳಗೆ ಎಣ್ಣೆಯಲ್ಲ, ಕೊಳೆತ ಗಂಜಿಯಂಥ ಕಪ್ಪು ಮುದ್ದೆ. ಅವನು ಎಂದಿನಂತೆ ನಾಲಿಗೆಗೆ ಹಚ್ಚಿ ಉಗುಳಿದ. "ಕಟಗಿ ಪುಡಿ ತುಂಬ್ಯಾರ್ರೀ. ಸಪ್ಪಳ ಕೇಳಬಾರ್ದಂತ." ಗೇರಿನ ಹಲ್ಲು ಸವೆದು ಗದ್ದಲ ಮಾಡಿದಾಗ ಎಣ್ಣೆಗೆ ಮರ ಕೊಯ್ಯುವ ಸಾಮಿಲ್ಲಿನ ಪುಡಿ ಬೆರೆಸಿದರೆ ಕೆಲವು ದಿನ ಬಾಯಿ ಮುಚ್ಚಿಕೊಂಡಿರುತ್ತದಂತೆ, ಅಷ್ಟರಲ್ಲಿ ಮಾರಿ ಕೈತೊಳೆದುಕೊಳ್ಳುವುದು. ನನಗೆ ಮಾರಿದವನ ಮೇಲೆ ಮೈಯೆಲ್ಲ ಉರಿಯಿತು. ಅರ್ಧ ದಿನ ಶೆಡ್ಡಿನಲ್ಲಿ ನಿಂತು ಅವನ ವಂಶವನ್ನೆಲ್ಲ ಬೈದೆ. ಮಿಸ್ತ್ರಿ ಕೇಳಿಸಿಕೊಂಡು ಕವಳ ಜಗಿಯುತ್ತಿದ್ದ.

ಹಿಂದಿನ ಚಕ್ರಗಳಿಗೆ ಶಕ್ತಿ ಕೊಡುವ ದೊಡ್ಡ ಹಲ್ಲಿನ ಗಾಲಿ, ಅದನ್ನು ತಿರುಗಿಸುವ ಸಣ್ಣದು, ಬೇರಿಂಗುಗಳು, ಎಲ್ಲವೂ ಹೋಗಿದ್ದವು. ಹುಬ್ಬಳ್ಳಿಯ ಗುಜರಿಯಲ್ಲಿ ಹುಡುಕಬೇಕು, ಎರಡು ತಿಂಗಳಾದರೂ ಬೇಕು ಎಂದ. ಮಳೆಗಾಲ ಎದುರಿಗಿತ್ತು. ಅಷ್ಟರಲ್ಲಿ ಬನವಾಸಿ ಕಡೆಯ ರೈತನೊಬ್ಬ, ತನಗೊಂದು ಟ್ರ್ಯಾಕ್ಟರ್ ಬೇಕಾಗಿದೆ, ಹಳೆಯದಾದರೂ ಅಡ್ಡಿಯಿಲ್ಲ, ಭಾನುವಾರ ಬಂದು ನೋಡುತ್ತೇನೆ ಎಂದು ಹೇಳಿಕಳಿಸಿದ. ನನ್ನ ತಲೆಗೆ ಹೊಳೆದದ್ದನ್ನು ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯ.

ಶುಕ್ರವಾರ ನಾನೇ ಸಾಮಿಲ್ಲಿಗೆ ಹೋಗಿ ಒಂದು ಚೀಲ ನುಣ್ಣನೆಯ ಪುಡಿ ತುಂಬಿಸಿಕೊಂಡು ಬಂದೆ. ಚೀಲವನ್ನು ಮಿಸ್ತ್ರಿಯ ಕೈಗೆ ಕೊಟ್ಟು, ಸದ್ಯಕ್ಕೆ ಹೇಗಿತ್ತೋ ಹಾಗೇ ಜೋಡಿಸಿಬಿಡಿ ಎಂದೆ. ಅವನು ಚೀಲದ ಬಾಯಿ ಬಿಚ್ಚಿ ನೋಡಿದ. ಕೊಳ್ಳುವವನು ಟ್ರೇಲರಿನಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಇಳಿಜಾರು ಇಳಿಯುವುದಿಲ್ಲವೇ, ಅಲ್ಲಿ ಹಲ್ಲು ಮುರಿದರೆ ಗೇರಿನ ಹಿಡಿತ ತಪ್ಪುವುದಿಲ್ಲವೇ ಎಂದು ಕೇಳಿದ. ನಾನು, ಅದು ಅವನ ಹಣೆಬರಹ ಎಂದೆ. ಹೌದು, ಹಾಗೆಯೇ ಅಂದೆ.

"ಒಬ್ಬ ತಾ ಕಾರಿಕೊಂಡಿದ್ದು ನಿಮಗ ಉಣಿಸಿದ ಅಂತ ಅವತ್ತ ಬೈದ್ರಿ," ಎಂದ ಮಿಸ್ತ್ರಿ. "ಅದನ್ನ ಇನ್ನೊಬ್ಬಗ ನೀವು ಬಡಸ್ತೀರೇನು?"

ಚೀಲ ಕೆಳಗಿಟ್ಟು ಮೂಲೆಯ ನೀರಿನ ಬ್ಯಾರಲ್ಲಿನ ಹತ್ತಿರ ಹೋದ. ಎಲ್ಲಿಂದಲೋ ಒಂದು ಸೋಪಿನ ತುಂಡು ಹುಡುಕಿ ಎರಡೂ ಕೈಗಳನ್ನು ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದ. ಎಣ್ಣೆ ಮೆತ್ತಿದ ಕೈಯಲ್ಲೇ ರೊಟ್ಟಿ ಮುರಿದು ತಿನ್ನುತ್ತಿದ್ದ ಮನುಷ್ಯ ಕೈ ತೊಳೆದದ್ದನ್ನು ನಾನು ಕಂಡದ್ದು ಅಂದೇ ಮೊದಲು.

ಭಾನುವಾರ ಬಂದ ರೈತ ಎರಡು ತುಂಡಾಗಿ ಬಿದ್ದಿದ್ದನ್ನು ನೋಡಿ ಹಾಗೇ ಹೋದ. ಆ ವರ್ಷ ಬೇರೆಯವರ ಎತ್ತು ಕೇಳಿ ಗದ್ದೆ ಹೂಡಿಸಿದೆ. ಮಿಸ್ತ್ರಿ ನನ್ನನ್ನು ಬೈಯಲಿಲ್ಲ. ಒಂದು ಬುಟ್ಟಿ, ಒಂದು ಡಬ್ಬಿ ಡೀಸೆಲ್ ಕೊಟ್ಟು, ಒಳಗಿನದನ್ನು ಬಳಿದು ತೆಗೆಯಿರಿ ಎಂದ. ಮೊಣಕೈವರೆಗೆ ಕೈ ಹಾಕಿ ಆ ಹೊಲಸನ್ನು ಬಾಚುತ್ತ ಎರಡು ಸಲ ಹೊರಗೆ ಹೋಗಿ ವಾಂತಿ ಮಾಡಿದೆ. ಗುಜರಿಯ ಗಾಲಿಗಳು ಬಂದ ಮೇಲೆ ಅವನ ಕೆಲಸ. ಸುಣ್ಣದ ಡಬ್ಬಿಗೆ ಅದೇ ಬೆರಳು ಹಾಕಿ ಹಲ್ಲುಗಳಿಗೆ ತೆಳ್ಳಗೆ ಸವರುವುದು, ತಿರುಗಿಸುವುದು, ಸುಣ್ಣ ಎಲ್ಲಿ ಅಳಿಸಿತೆಂದು ನೋಡುವುದು. ಹಲ್ಲು ಹಲ್ಲಿನ ನಟ್ಟನಡುವೆ ಕಚ್ಚಬೇಕು. ಕಚ್ಚದಿದ್ದರೆ ಮತ್ತೆ ಬಿಚ್ಚಿ, ತಗಡಿನ ಬಿಲ್ಲೆಯೊಂದು ಸೇರಿಸಿ ಮತ್ತೆ ಸುಣ್ಣ. ಎಷ್ಟು ಸಲ ಬಿಚ್ಚಿದನೋ ಲೆಕ್ಕವಿಲ್ಲ. ನಡುನಡುವೆ ಶೆಡ್ಡಿಗೆ ಬಂದ ಲಾರಿಯವರಿಗೆಲ್ಲ ಕವಳ ಕಟ್ಟಿ ಕೊಡುತ್ತಿದ್ದ. ನನಗೆ ಮಾತ್ರ ಕೊಡಲಿಲ್ಲ. ಬೇಡವಾಗಿದ್ದದ್ದು ಸಿಗದೇ ಹೋದಾಗ ಇಷ್ಟು ಚುಚ್ಚುತ್ತದೆಂದು ನನಗೆ ಗೊತ್ತಿರಲಿಲ್ಲ.

ಟ್ರ್ಯಾಕ್ಟರ್ ಏಳೆಂಟು ವರ್ಷ ದುಡಿಯಿತು. ನಿಂಗಪ್ಪ ಮಿಸ್ತ್ರಿ ಈಗಿಲ್ಲ. ಆ ಜಾಗದಲ್ಲಿ ಟೈರಿನ ಅಂಗಡಿಯಿದೆ, ಗೋಡೆಗೆ ಬಿಳಿ ಬಣ್ಣ ಬಳಿದಿದ್ದಾರೆ. ನಾನು ಅವನನ್ನು ಕೊನೆಯ ಸಲ ಹಳೆಯ ಶೆಡ್ಡಿನಲ್ಲೇ ಕಂಡಾಗ ಬಹಳ ಬಡಕಲಾಗಿದ್ದ, ಕೆಮ್ಮುತ್ತಿದ್ದ. ಟ್ರ್ಯಾಕ್ಟರಿನ ಹಿಂಭಾಗದ ಸಪ್ಪಳ ಹೇಗಿದೆ ಎಂದು ಕೇಳಿದ. ಮಾರಿದೆ ಎಂದೆ. ಅವನ ಜಗಿಯುವ ಬಾಯಿ ನಿಂತಿತು. ಗುಜರಿಯ ಗಾಲಿ ಹಾಕಿಸಿದ್ದು, ಎರಡನೆಯ ಗೇರ್ ಜಾರುವುದು, ಎಲ್ಲವನ್ನೂ ಹೇಳಿಯೇ ಮಾರಿದೆ ಎಂದೆ. ಆಮೇಲೆ ನಾನಾಗಿಯೇ, "ಒಂದು ಕವಳ ಕೊಡಿ ಮಿಸ್ತ್ರಿ" ಎಂದು ಕೇಳಿದೆ.

ಅವನು ಕಪ್ಪುಗಟ್ಟಿದ ಕೈಯಿಂದಲೇ ಎಲೆ ತೆಗೆಯುತ್ತ, "ಕೈ ತೊಳಕೊಂಡ ಬರ್ರಿ, ಹೆಗಡೇರ" ಎಂದ.

ಮೂಲೆಯ ಬ್ಯಾರಲ್ಲಿನ ಹತ್ತಿರ ಹೋಗಿ ಮೊಣಕೈವರೆಗೆ ತೊಳೆದುಕೊಂಡು ಬಂದೆ. ಕವಳ ಗೇರ್ ಎಣ್ಣೆ ನಾರುತ್ತಿತ್ತು. ಆದರೂ ಉಗುಳದೆ ಜಗಿದೆ.